ಹಳೆಯ ಗಾಡಿಯ ಹಲ್ಲು

ಎತ್ತು ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ. ಹೈದರ್, ಟಿಪ್ಪು ಇವರ ದಂಡಿನ ಭಾರವನ್ನೆಳೆದ ಅಮೃತಮಹಲ್ ತಳಿಯ ಕೇಂದ್ರ ಅಜ್ಜಂಪುರದಲ್ಲಿರುವಾಗ ನಮ್ಮ ತರೀಕೆರೆ ಸೀಮೆಯವರಿಗೆ ಈ ವಿದ್ಯೆಯನ್ನು ಹೇಳಿಕೊಡಬೇಕಾಗಿಲ್ಲ. ಮೂರು ಲಕ್ಷ ಕಿಲೋಮೀಟರು ಓಡಿದ ನನ್ನ ಪಿಕಪ್ ಗಾಡಿಗೆ ಹಲ್ಲೆಲ್ಲಿ? ಅದರ ಹೊಗೆಯನ್ನೇ ನೋಡಬೇಕು. ಕಪ್ಪು ಹೊಗೆಯಾದರೆ ಏರ್ ಫಿಲ್ಟರು ಧೂಳಿನಿಂದ ಕಟ್ಟಿರಬಹುದು; ಅಲ್ಪ ಖರ್ಚಿನ ಕಾಯಿಲೆ. ನೀಲಿ ಹೊಗೆಯೆಂದರೆ ಎಂಜಿನ್ನು ಆಯಿಲನ್ನೇ ಕುಡಿದು ಸುಡುತ್ತಿದೆಯೆಂದರ್ಥ. ಆಗ ಪಿಸ್ಟನ್ ರಿಂಗಿನ ಮಾತೆದ್ದು ಮೇಷ್ಟರ ಸಂಬಳ ನಡುಗುತ್ತದೆ.

ಲಿಂಗದಹಳ್ಳಿಯಾಚೆ, ಕೆಮ್ಮಣ್ಣುಗುಂಡಿಯ ದಾರಿಯಲ್ಲಿರುವ ಭಾವನವರ ತೋಟಕ್ಕೆ ಗೊಬ್ಬರ ಹೊತ್ತು ಏರುವಾಗ ಗಾಡಿ ಏದುಸಿರು ಬಿಡುತ್ತದೆ, ನಿಲ್ಲುವುದಿಲ್ಲ. ಭಯವಿರುವುದು ಇಳಿಜಾರಿನಲ್ಲಿ. ಏರಿದ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನೊಂದೇ ನಂಬಿದರೆ ಅದು ಕಾದು ಕೈಕೊಡುತ್ತದೆ.

ಸರಕಿನ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಪ್ರತಿವರ್ಷವೂ ಅರ್ಹತಾಪತ್ರ ಪಡೆಯಬೇಕು. (ನನ್ನದರ ಫಲಕದಲ್ಲಿ ಇನ್ನೂ ಕೆಎ 18 ಎಂದೇ ಇದೆ; ತರೀಕೆರೆಗೆ 66 ಬರುವುದಕ್ಕೆ ಹಿಂದಿನದು.) ಈ ವರ್ಷ ಪರೀಕ್ಷೆಗೆ ಮೊದಲೇ ಗ್ಯಾರೇಜಿನ ಸಾಬರು ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿದರು. "ಮೇಷ್ಟ್ರೇ, ಎಂಜಿನ್ ಇನ್ನೂ ಗಟ್ಟಿ. ಛಾಸಿಗೆ ತುಕ್ಕು ಹಿಡಿದಿದೆ" ಎಂದರು. ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಮಲೆನಾಡಿನ ಮಳೆ ತಿಂದ ಬೆನ್ನೆಲುಬಿಗೆ ಎಷ್ಟೆಂದು ತೇಪೆ ಹಾಕುವುದು? ಮಡದಿ ಮಾರಿಬಿಡಿ ಎನ್ನುತ್ತಾಳೆ; ಹೊಸದರ ಕಂತು ತೋಟದ ಹುಟ್ಟುವಳಿಯನ್ನು ಮೀರುತ್ತದೆ.

ಸದ್ಯಕ್ಕೆ ಬೆಸುಗೆಯಾಗಿದೆ. ಅಡಿಕೆ ಕೊಯ್ಲು ಮುಗಿಯುವವರೆಗೆ ಅರ್ಧ ಹೊರೆ, ಘಟ್ಟ ಕೂಡದು ಎಂಬುದು ಸಾಬರ ಪಥ್ಯ. ಭಾವನವರಿಗೆ ಗೊಬ್ಬರದ ವಿಷಯ ಇನ್ನೂ ತಿಳಿಸಿಲ್ಲ.