ಬಳೆಗಾರ ಗುಂಡಿನ ಹತ್ತಿರ ನಮ್ಮ ಬಿ.ಎ. ಕ್ಲಾಸು

ಅಜ್ಜನ ಮನೆಯ ಗೋಡೆಯ ಮೇಲೆ ಕಾಲೇಜಿನ ಗುಂಪು ಫೋಟೋ ಇದ್ದರೆ ಒಂದು ಕೆಲಸ ಮಾಡಿ, ಮಕ್ಕಳೇ. ಹಿಂದಿನ ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ತೋರಿಸಿ, ‘ಇವರು ಈಗ ಏನು ಮಾಡ್ತಿದಾರೆ?’ ಎಂದು ಕೇಳಿ. ಅಜ್ಜ ಹತ್ತು ಜನರ ಕಥೆ ಉತ್ಸಾಹದಿಂದ ಹೇಳುತ್ತಾರೆ. ಹನ್ನೊಂದನೆಯವರ ಬಳಿ ಬಂದಾಗ ಸುಮ್ಮನಾಗುತ್ತಾರೆ.

ನಮ್ಮ ಫೋಟೋದಲ್ಲೂ ಅಂಥ ಹನ್ನೊಂದನೆಯವನೊಬ್ಬನಿದ್ದ. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗ. ಚಿತ್ರದುರ್ಗದಲ್ಲಿ ನಮ್ಮ ಜೊತೆ ಬಿ.ಎ. ಓದುತ್ತಿದ್ದವನು ಕೊನೆಯ ವರ್ಷ ಎರಡು ವಿಷಯಗಳಲ್ಲಿ ಫೇಲಾಗಿ ಊರಿಗೆ ಹೋದ, ಮತ್ತೆ ಬರಲಿಲ್ಲ. ಮೂವತ್ತು ವರ್ಷಗಳ ಮೇಲೆ ನಾವೆಲ್ಲ ಫೋನಿನಲ್ಲಿ ಒಂದು ಗುಂಪಾದಾಗ ಅವನ ನಂಬರೂ ಸಿಕ್ಕಿತು. ಆದರೆ ಎರಡು ಸಲ ಸೇರಿದಾಗಲೂ ಅವನಿಂದ ಬಂದದ್ದು ಒಂದೇ ಉತ್ತರ: “ಭಾನುವಾರ ಮಗ್ಗ ಬಿಡೋಕಾಗಲ್ಲ ಕಣ್ರಪ್ಪ.” ಫೇಲಾದ ಸಂಕೋಚ ಎಂದೇ ಎಲ್ಲರೂ ತಿಳಿದೆವು. ಕೊನೆಗೆ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ಗೆಳತಿ ತೀರ್ಮಾನ ಮಾಡಿದಳು: “ಅವನು ಬರದಿದ್ದರೆ ನಾವೇ ಹೋಗೋಣ. ಜಟಿಂಗ ರಾಮೇಶ್ವರ ಅವನ ಊರಿಗೆ ಹತ್ತಿರ. ಬೆಟ್ಟಕ್ಕೆ ಬರಲ್ಲ ಅಂತ ಹೇಗೆ ಹೇಳ್ತಾನೆ ನೋಡೋಣ.”

ಒಂಬತ್ತು ಜನ, ಜೊತೆಗೆ ಅವಳ ಏಳನೇ ತರಗತಿಯ ಮಗ, ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದೆವು. ಶೇಂಗಾ ಹೊಲಗಳ ನಡುವೆ ತಳಕು ಬಂತು. ನಮ್ಮಲ್ಲೊಬ್ಬ ಈಗ ಕನ್ನಡ ಮೇಷ್ಟರು. ತಳಕು ದಾಟುವಾಗ ಅವನು ಸುಮ್ಮನಿರುವುದು ಸಾಧ್ಯವೇ?

ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರು ಈ ಊರಿನವರು. ಅಲ್ಲಿ ಕನ್ನಡ ಎಂ.ಎ. ಶುರುವಾದಾಗ ಮೊದಲ ತಂಡದಲ್ಲಿ ಓದಿದವರ ಪೈಕಿ ಇಬ್ಬರು ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್. 1929ರಲ್ಲಿ ಓದು ಮುಗಿಯಿತು. ಸರಿಯಾಗಿ ಇಪ್ಪತ್ತು ವರ್ಷದ ಮೇಲೆ, ಇಬ್ಬರೂ ನಲವತ್ತು ದಾಟಿದ್ದಾಗ, 1949ರಲ್ಲಿ ಒಬ್ಬರ ‘ಶ್ರೀ ರಾಮಾಯಣ ದರ್ಶನಂ’ ಹೊರಬಂತು. ಇನ್ನೊಬ್ಬರು ಹಳಗನ್ನಡದ ‘ವಡ್ಡಾರಾಧನೆ’ಯನ್ನು ಸಂಪಾದಿಸಿ ಅಚ್ಚು ಮಾಡಿಸಿದರು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯ ಕೆಲಸ ಎಂಥದೆಂದರೆ, ತಾಳೆಗರಿಯ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು, ಲಿಪಿಕಾರ ಎಲ್ಲಿ ತಪ್ಪಿದ, ಎಲ್ಲಿ ಒಂದು ಅಕ್ಷರ ಬಿಟ್ಟ ಎಂದು ಪದಪದವಾಗಿ ಹುಡುಕುವುದು. ಆ ತಾಳ್ಮೆಯ ಕೆಲಸಕ್ಕೆ ನಮ್ಮಲ್ಲಿ ಚಪ್ಪಾಳೆ ಕಡಿಮೆ ಎಂದು ನನಗನ್ನಿಸುತ್ತದೆ. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ತಳಕಿನ ಈ ಗುರುವಿಗೆ. ಅಷ್ಟು ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷವಾಗಿತ್ತು.

ಬೆಟ್ಟದ ಬುಡದಲ್ಲಿ ಹನ್ನೊಂದನೆಯವನು ಕಾಯುತ್ತಿದ್ದ! ತಲೆ ನರೆತಿತ್ತು, ನಗು ಹಾಗೇ ಇತ್ತು. “ಮಧ್ಯಾಹ್ನದೊಳಗೆ ಮನೆಗೆ ಹೋಗಬೇಕು” ಎಂದು ಮೊದಲೇ ಹೇಳಿಬಿಟ್ಟ.

ಹತ್ತುವಾಗ ಅವನು ಮುಂದೆ, ಏದುಸಿರು ಬಿಡುತ್ತ ನಾವು ಹಿಂದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲೇ ಎಂದು ಇಲ್ಲಿಯವರ ನಂಬಿಕೆ. ಗುಡಿಯ ಹತ್ತಿರದ ಬಂಡೆಗೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗವದು. ಆ ಬಂಡೆಯ ಮೇಲೇ ಅಶೋಕನ ಶಾಸನವಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಇಂಥವೇ ಇವೆ. ಮೂರನ್ನೂ ಗುರುತಿಸಿದವರು ಬಿ.ಎಲ್. ರೈಸ್. ಇಲ್ಲಿಯದು ಮಾತ್ರ ತುಂಬ ಸವೆದುಹೋಗಿದೆ. ಹುಡುಗ ಬಗ್ಗಿ ನೋಡಿ, “ಏನೂ ಕಾಣಲ್ಲ” ಎಂದ.

ಕಾಣದಿದ್ದರೂ ಅದರಲ್ಲಿ ಏನಿದೆ ಎಂದು ಮೇಷ್ಟರು ಹೇಳಿದ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಶಿಷ್ಯನಿಗೆ ಅಲ್ಲಿ ಬಳಸಿರುವ ಪದ ‘ಅಂತೇವಾಸಿ’, ಅಂದರೆ ಗುರುವಿನ ಹತ್ತಿರವೇ ವಾಸಿಸುವವನು. ಶಾಸನ ಬರೆದವನು ಚಪಡ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದ. ಆ ಲಿಪಿ ನಡೆಯುತ್ತಿದ್ದುದು ದೂರದ ವಾಯವ್ಯ ಭಾರತದಲ್ಲಿ. ಅಲ್ಲಿಯವನೋ, ಅಲ್ಲಿ ಕಲಿತವನೋ, ಒಟ್ಟಿನಲ್ಲಿ ಮೊಳಕಾಲ್ಮೂರಿನ ತನಕ ಬಂದಿದ್ದನಲ್ಲ!

ಬುತ್ತಿ ಬಿಚ್ಚಿದಾಗ ಹುಡುಗ ಕೇಳಿದ: “ನೀವೆಲ್ಲ ದೊಡ್ಡವರಾದ ಮೇಲೆ ಏನಾದಿರಿ?”

ಸಾಲಾಗಿ ಹೇಳಿದೆವು. ಬ್ಯಾಂಕು, ಕಾಲೇಜು, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಲೆಕ್ಕ, ಪೊಲೀಸು, ನನ್ನದು ಅಂಚೆ ಕಚೇರಿ. ಒಬ್ಬ ಮೂರು ವ್ಯಾಪಾರ ಮಾಡಿ ಮೂರರಲ್ಲೂ ಸೋತು ಈಗ ಕುರಿ ಸಾಕುತ್ತಾನೆ, ಎಲ್ಲರಿಗಿಂತ ಗಟ್ಟಿಯಾಗಿ ನಗುವವನೂ ಅವನೇ. ನೇಕಾರ ಗೆಳೆಯನ ಸರದಿ ಬಂತು. “ನಾನೇನೂ ಆಗಲಿಲ್ಲ ಮಗ. ಮನೆಯಲ್ಲಿದ್ದ ಮಗ್ಗದಲ್ಲೇ ಕೂತೆ.”

“ಮಗ್ಗದಲ್ಲಿ ಏನು ಮಾಡ್ತೀರ?”

ಅಲ್ಲಿಂದ ಅರ್ಧ ಗಂಟೆ ಅವನೊಬ್ಬನೇ ಮಾತಾಡಿದ. ಮೊಳಕಾಲ್ಮೂರು ರೇಷ್ಮೆ ಸೀರೆಯ ಒಡಲಿಗೊಂದು ಬಣ್ಣ, ಅಂಚಿಗೆ ಬೇರೆ ಬಣ್ಣ. ಅದಕ್ಕೆ ಮೂರು ಲಾಳಿ ಬೇಕು. ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ಬಣ್ಣಗಳು ಕೂಡುವ ಕಡೆ ಎಳೆಗೆ ಎಳೆ ಕೊಂಡಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಸೀರೆ ಅಲ್ಲೇ ಬಿಡುತ್ತದೆ. ಒಬ್ಬನ ಕೈಗೆ ಮೂರು ಲಾಳಿ ನಿಲುಕುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು.

“ನಿಮ್ಮ ಪಕ್ಕ ಯಾರು ಕೂರ್ತಾರೆ?”

“ನಮ್ಮನೆಯವಳು ಕೂರ್ತಿದ್ದಳು. ಹೋಗಿ ನಾಲ್ಕು ವರ್ಷ ಆಯ್ತು. ಈಗ ತಮ್ಮನ ಮಗಳು. ಕಾಲೇಜಿಗೆ ಹೋಗ್ತಾಳಲ್ಲ, ಅವಳು ಸಿಗೋದು ಭಾನುವಾರ ಮಾತ್ರ.”

ಯಾರೂ ಮಾತಾಡಲಿಲ್ಲ. ನಾಲ್ಕು ವರ್ಷದ ಹಿಂದಿನ ಆ ಸಾವು ನಮಗಾರಿಗೂ ಗೊತ್ತಿರಲಿಲ್ಲ. ಬ್ಯಾಂಕಿನ ಗೆಳತಿ ಬುತ್ತಿಯ ಡಬ್ಬಿಗಳನ್ನು ಮುಚ್ಚತೊಡಗಿದಳು. “ನಡೀರಿ. ಮಧ್ಯಾಹ್ನದೊಳಗೆ ಇವನು ಮನೆಯಲ್ಲಿರಬೇಕು.”

ಮೊಳಕಾಲ್ಮೂರಿನ ಆ ಮನೆಯಲ್ಲಿ ಗುಣಿ ಮಗ್ಗದ ಪಕ್ಕ ಹುಡುಗಿ ಪುಸ್ತಕ ಹಿಡಿದು ಕಾಯುತ್ತಿದ್ದಳು. ಅವಳೂ ಬಿ.ಎ., ಕೊನೆಯ ವರ್ಷ. ಮೇಷ್ಟರು ಅವಳ ಪುಸ್ತಕ ನೋಡುತ್ತ ಕೂತ. ಅವನು ಗುಣಿಗೆ ಇಳಿದ, ಅವಳು ಪಕ್ಕದಲ್ಲಿ ಕೂತಳು, ಮೂರು ಲಾಳಿಗಳು ಓಡತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಹುಡುಗ ತಾನೂ ಒಂದು ಲಾಳಿ ಎಸೆಯುತ್ತೇನೆ ಎಂದ. ಗೆಳೆಯ ಕೊಟ್ಟ. ಆರು ಎಳೆ ಹಾಕಿಸಿಕೊಂಡು, ಕನ್ನಡಕ ಏರಿಸಿ ನೋಡಿ, ನಾಲ್ಕನ್ನು ಬಿಚ್ಚಿ ಎರಡನ್ನು ಹಾಗೇ ಉಳಿಸಿದ.