ಹೊರಗೆ ಗಾಜಿನ ಮಿಂಚು, ಒಳಗೆ ಒಲೆಯ ಕಾವು

ಹಿಂದೂಪುರ: ಊರು ಬೆಳೀತಿದೆ ಅನ್ನೋದಕ್ಕೆ ಈಗ ಗಾಜೇ ಗುರುತು. ಮುಖ್ಯರಸ್ತೆಯಲ್ಲಿ ಹಳೆ ಅಂಗಡಿ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವವರ ಮೊದಲ ಆಸೆ, ಮುಂಭಾಗಕ್ಕೆ ನೀಲಿ ಗಾಜು ಹಾಕಿಸಬೇಕು ಎಂಬುದು. ಕಲ್ಯಾಣದುರ್ಗವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕೆಳಗೆ ಅಂಗಡಿ, ಮೇಲೆ ಬ್ಯಾಂಕು, ಫೈನಾನ್ಸ್ ಆಫೀಸು, ಕೋಚಿಂಗ್ ಸೆಂಟರ್. ಬಾಡಿಗೆ ಚೆನ್ನಾಗಿ ಬರಬೇಕೆಂದರೆ ಕಟ್ಟಡ ಬೆಂಗಳೂರಿನಂತೆ ಕಾಣಬೇಕು ಎಂಬ ಲೆಕ್ಕಾಚಾರ.

ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಅನಂತಪುರ ಸೀಮೆಯ ಕಥೆಯೇ ಬೇರೆ. 2022ರಲ್ಲಿ ಜಿಲ್ಲೆ ಎರಡಾಗಿ, ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಬಿಸಿಲು ಮಾತ್ರ ಪಾಲಾಗಲಿಲ್ಲ!

ಹತ್ತಡಿ ಗಾಜಿಗೆ ಒಂದು ಟನ್ ಎಸಿ

ಗಾಜಿನ ಗುಣ ಸರಳ. ಬಿಸಿಲನ್ನು ಒಳಗೆ ಬಿಡುತ್ತೆ, ಒಳಗಿನ ನೆಲ, ಗೋಡೆ, ಮೇಜು ಕಾದ ಮೇಲೆ ಆ ಕಾವನ್ನು ಸುಲಭವಾಗಿ ಹೊರಗೆ ಬಿಡೋದಿಲ್ಲ. ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿದ ಹತ್ತಡಿಗೆ ಹತ್ತಡಿ ಸಾದಾ ಗಾಜಿನಿಂದ ಬರುವ ಶಾಖವನ್ನು ಹೊರಹಾಕಲು ಸುಮಾರು ಒಂದು ಟನ್ ಎಸಿ ಬೇಕು. ಜನ, ಕಂಪ್ಯೂಟರು, ಕಾದ ತಾರಸಿ, ಇವುಗಳ ಲೆಕ್ಕ ಬೇರೆ. ಬಣ್ಣದ ಗಾಜು ಹಾಕಿದರೆ ಕಾವು ಕೊಂಚ ಇಳಿಯುತ್ತೆ, ಜೊತೆಗೆ ಬೆಳಕೂ ಇಳಿದು ಹಗಲಲ್ಲೇ ಟ್ಯೂಬ್‌ಲೈಟ್ ಹಾಕಬೇಕಾಗುತ್ತೆ. ಕರೆಂಟ್ ಹೋದರಂತೂ ತೆರೆಯಲು ಕಿಟಕಿಯೇ ಇಲ್ಲ. ಬೆಂಕಿ ಬಿದ್ದರೆ ಹೊಗೆ ಹೋಗಲೂ ದಾರಿ ಇಲ್ಲ.

ಹೈದರಾಬಾದಿನ ಎರಡು ಕಟ್ಟಡ

ಹಾಗಾದರೆ ಆಧುನಿಕ ಕಟ್ಟಡವೇ ಬೇಡವೇ? ಬೇಕು. ಅದು ಹೇಗಿರಬಹುದು ಎಂಬುದಕ್ಕೆ ಅವಿಭಜಿತ ಆಂಧ್ರದ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲೇ ಉದಾಹರಣೆ ಇದೆ.

ಮೊದಲನೆಯದು ಸಿಐಐ ಸೊಹ್ರಾಬ್‌ಜಿ ಗೋದ್ರೆಜ್ ಹಸಿರು ವ್ಯಾಪಾರ ಕೇಂದ್ರ. ವಡೋದರಾದ ವಾಸ್ತುಶಿಲ್ಪಿ ಕರಣ್ ಗ್ರೋವರ್ ವಿನ್ಯಾಸ ಮಾಡಿದ ಇದನ್ನು 2004ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ಮಾನ್ಯತೆ ಪಡೆದ ಮೊದಲ ಕಟ್ಟಡ ಇದು. ಗುಂಡಾಕಾರ, ನಡುವೆ ಅಂಗಳ, ಗೋಡೆಗೆ ಜಾಲಂಧ್ರ, ತಾರಸಿ ಮೇಲೆ ಹಸಿರು, ಗಾಳಿಯನ್ನು ತಂಪು ಮಾಡಿ ಒಳಗೆ ಕಳಿಸುವ ಎರಡು ಗೋಪುರ. ನೋಡಿದರೆ ಕಣ್ಣು ಕೀಳುವಂತಿಲ್ಲ. ಆದರೆ ಬಳಸಿದ ಉಪಾಯಗಳಲ್ಲಿ ಅರ್ಧ ನಮ್ಮ ತೊಟ್ಟಿಮನೆಗಳವೇ.

ಎರಡನೆಯದು ಪೋಚಾರಂನ ಇನ್ಫೋಸಿಸ್ ಕಚೇರಿ, 2011ರ ಹೊತ್ತಿಗೆ ಬಳಕೆಗೆ ಬಂದದ್ದು. ಇಲ್ಲಿ ಎಂಜಿನಿಯರುಗಳು ದೊಡ್ಡ ಪರೀಕ್ಷೆಯನ್ನೇ ನಡೆಸಿದರು. ಸುಮಾರು ಎರಡೂವರೆ ಲಕ್ಷ ಚದರಡಿಯ ಕಟ್ಟಡವನ್ನು ಒಂದೇ ಅಳತೆಯ ಎರಡು ಭಾಗ ಮಾಡಿ, ಒಂದಕ್ಕೆ ಗಾಳಿ ಬೀಸುವ ಮಾಮೂಲಿ ಎಸಿ ಅಳವಡಿಸಿದರು. ಇನ್ನೊಂದರ ಛಾವಣಿಯ ಕಾಂಕ್ರೀಟಿನೊಳಗೆ ಪೈಪು ಹಾಯಿಸಿ ತಣ್ಣೀರು ಹರಿಸಿದರು. ಎರಡಕ್ಕೂ ಬೇರೆ ಬೇರೆ ಮೀಟರು. ತಣ್ಣೀರಿನ ಭಾಗ ತಂಪಿಗಾಗಿ ಬಳಸಿದ ಕರೆಂಟು ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂತು. ಹಾಕಿಸುವ ಖರ್ಚೇನೂ ಹೆಚ್ಚಾಗಲಿಲ್ಲ.

ಗಮನಿಸಬೇಕಾದ್ದು ಇನ್ನೊಂದಿದೆ. ಪೈಪಿಗಿಂತ ಮೊದಲು ಅಲ್ಲಿ ಬಿಸಿಲನ್ನೇ ಹೊರಗೆ ತಡೆದಿದ್ದರು. ಕಟ್ಟಡದ ಉದ್ದದ ಮುಖಗಳು ಉತ್ತರ, ದಕ್ಷಿಣಕ್ಕೆ. ಕಿಟಕಿಗೆ ನೆರಳು, ಬೇಕಾದಷ್ಟೇ ಗಾಜು. ತಣ್ಣೀರು ಸಾಕಾದದ್ದು ಅದಕ್ಕೇ.

ಇಲ್ಲಿಗೆ ಏನು ಅನ್ವಯ?

ಹಿಂದೂಪುರದ ಕಾಂಪ್ಲೆಕ್ಸಿಗೆ ತಣ್ಣೀರಿನ ಛಾವಣಿ ದೂರದ ಮಾತು. ಆದರೆ ನೆರಳಿಗೆ ಕಂಪನಿ ದುಡ್ಡೇನೂ ಬೇಕಿಲ್ಲ. ಸೈಟು ಪಶ್ಚಿಮಕ್ಕಿದ್ದರೆ ಆ ಕಡೆ ಮೆಟ್ಟಿಲು, ಲಿಫ್ಟು, ಶೌಚಾಲಯ ಇಟ್ಟು ಗಾಜನ್ನು ಉತ್ತರಕ್ಕೆ ತಿರುಗಿಸಬಹುದು. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜೆ ಸಾಕಷ್ಟು ನೆರಳು ಕೊಡುತ್ತೆ. ಸಂಜೆಯ ಓರೆ ಬಿಸಿಲಿಗೆ ಸಜ್ಜೆ ನಡೆಯೋಲ್ಲ, ನಿಲುವು ಪಟ್ಟಿ ಇಲ್ಲವೇ ಜಾಲಿ ಬೇಕು. ತಾರಸಿಗೆ ಬಿಳಿ ಸುಣ್ಣ ಬಳಿದರೂ ಮೇಲಿನ ಅಂತಸ್ತಿಗೆ ವ್ಯತ್ಯಾಸ ಗೊತ್ತಾಗುತ್ತೆ. ಅಂದಕ್ಕೆ ಮಡಕಶಿರಾ ಕಡೆಯ ಗ್ರಾನೈಟ್ ಇದೆ, ತಾಡಪತ್ರಿ ಬಂಡೆ ಇದೆ.

2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ಸಾಮಾನ್ಯ ನಿಯಮದಂತೆ ಹೊರಗೋಡೆಯಲ್ಲಿ ಗಾಜು ಶೇ. 40 ಮೀರಬಾರದು. ಆದರೆ ಸಂಹಿತೆ 100 ಕಿಲೋವ್ಯಾಟ್ ಮೇಲಿನ ಕಟ್ಟಡಗಳಿಗೆ ಉದ್ದೇಶಿಸಿದ್ದು. ಸಣ್ಣ ಊರಿನ ಕಾಂಪ್ಲೆಕ್ಸುಗಳು ಬಹುತೇಕ ಅದರ ಬಲೆಗೆ ಬೀಳುವುದಿಲ್ಲ. ಹಾಗಾಗಿ ತೀರ್ಮಾನ ಮಾಲೀಕರದ್ದೇ.

ಗಾಜು ಆರಿಸುವವರು ಮಾಲೀಕರು, ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರು. ತೊಡಕು ಇರೋದೇ ಇಲ್ಲಿ. ಮೊದಲ ವರ್ಷ ಗಾಜು ನೋಡಿ ಬಂದವರು ಎರಡು ಬೇಸಿಗೆಯ ಬಿಲ್ ನೋಡಿ ಬೋರ್ಡು ಬಿಚ್ಚಿದರೆ, ಖಾಲಿ ಮಹಡಿಯ ಮೇಲಿನ ಬ್ಯಾಂಕ್ ಸಾಲದ ಕಂತು ಮಾತ್ರ ಮಾಲೀಕರ ತಲೆ ಮೇಲೇ ಉಳಿಯುತ್ತೆ. ಪ್ಲಾನು ಕಾಗದದ ಮೇಲಿರುವಾಗ ಕಿಟಕಿಯ ದಿಕ್ಕು ಬದಲಿಸಲು ಒಂದು ಪೆನ್ಸಿಲ್ ಸಾಕು. ಕಟ್ಟಿದ ಮೇಲೆ ಲಕ್ಷಗಳೇ ಬೇಕು.