ಗದ್ದೆಯ ಬದುವಿನ ಜೋಳಿಗೆ

ಗಂಗಾವತಿ ಸೀಮೆಯ ಸಾಣಾಪುರವು ಹೆಬ್ಬಂಡೆಗಳ ನಡುವೆ ನೆಲಸಿರುವ ಊರು. ಆನೆಗೊಂದಿಯ ಆಸುಪಾಸಿನ ನದೀತೀರಕ್ಕೆ ವಿಜಯನಗರದ ಅರಸರ ಕಾಲದಿಂದಲೂ ಕಾಲುವೆಯ ನೀರುಂಟು. ಆದರೆ ಗಂಗಾವತಿಯ ಸುತ್ತಣ ವಿಶಾಲವಾದ ಒಣಭೂಮಿಯು ಭತ್ತದ ಕಣಜವೆನಿಸಿದ್ದು, 1953 ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆಯೇ. ಸಾಣಾಪುರದ ಕೆರೆಯೂ ಆ ಕಾಲುವೆಯ ನೀರಿನಿಂದಲೇ ತುಂಬುವುದು. ನೀರು ಬಂದೊಡನೆ ನಾಟಿ ಬಂದಿತು. ಸಸಿಯನ್ನು ಕಿತ್ತು, ಕೆಸರಿನಲ್ಲಿ ಬಾಗಿ ನಿಂತು ನೆಡುವ ಆ ಕೆಲಸ ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬಂದಿತು.

ನಾಟಿಯ ದಿನಗಳಲ್ಲಿ ಇಲ್ಲಿಯ ಗದ್ದೆಗಳ ಬದುವಿನ ಮೇಲೆ ಬೇವಿನ ಮರದ ಕೊಂಬೆಯಿಂದಲೋ ಹುಣಸೆಯ ಕೊಂಬೆಯಿಂದಲೋ ಹಳೆಯ ಸೀರೆಯ ಜೋಳಿಗೆಯೊಂದು ತೂಗುತ್ತಿರುವುದುಂಟು. ಒಳಗೆ ನಾಲ್ಕೈದು ತಿಂಗಳ ಹಸುಗೂಸು. ನೂರಾರು ಹೆಜ್ಜೆ ದೂರದ ಕೆಸರಿನಲ್ಲಿ ಅದರ ತಾಯಿ. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದ ಗುಂಪಿನಲ್ಲಿ ಅವಳೂ ಒಬ್ಬಳು. ಎಲ್ಲರೂ ಸಾಲಾಗಿ ಹಿಂದಕ್ಕೆ ಸರಿಯುತ್ತ ನೆಡುವಾಗ ಒಬ್ಬಳು ಎದ್ದು ಹೋದರೆ ಸಾಲು ಅಲ್ಲಿ ಬರಿದಾಗುತ್ತದೆ. ಇಷ್ಟು ಚಿಕ್ಕ ಮಗುವಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಎಂಟು ಗಂಟೆಯ ದುಡಿಮೆಯಲ್ಲಿ ಮೂರು ಸಲ, ಸಲಕ್ಕೆ ಇಪ್ಪತ್ತು ನಿಮಿಷವೆಂದರೂ ಒಂದು ಗಂಟೆ ಹೋಯಿತು. ಉಳಿದ ಏಳು ಗಂಟೆ ಮಗಳನ್ನು ಆ ಜೋಳಿಗೆಯ ವಶಕ್ಕೆ ಒಪ್ಪಿಸಬೇಕು. ಜೋಳಿಗೆಯು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳು ವಿಚಾರಿಸಿ ನೋಡಬೇಕಾದ ವಿಷಯ.

ಜೋಳಿಗೆಯು ಒಂದು ಲೋಲಕ. ಪ್ರಯೋಗಶಾಲೆಯಲ್ಲಿ ದಾರಕ್ಕೆ ಲೋಹದ ಗುಂಡನ್ನು ಕಟ್ಟಿ ನಾವು ತೂಗಿಬಿಡುವ ಲೋಲಕಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಸಣ್ಣ ತೂಗಾಟದಲ್ಲಿ ಒಂದು ಸಲ ಹೋಗಿ ಬರುವ ಕಾಲವು ತೂಗಾಟದ ಅಗಲವನ್ನು ಅವಲಂಬಿಸುವುದಿಲ್ಲವೆಂದು ಗೆಲಿಲಿಯೋ 1602 ರಲ್ಲಿ ಬರೆದ ಕಾಗದವೊಂದರಲ್ಲಿ ವಾದಿಸಿದ್ದನು. ಆ ಕಾಲವು ತೂಕವನ್ನೂ ಅವಲಂಬಿಸುವುದಿಲ್ಲ. ನೇತುಬಿದ್ದ ಉದ್ದವನ್ನು ಮಾತ್ರ ಅವಲಂಬಿಸುತ್ತದೆ. ಕೊಂಬೆಯಿಂದ ಮಗುವಿನವರೆಗೆ ಒಂದು ಮೀಟರು ಇದ್ದರೆ ಹೋಗಿ ಬರಲು ಎರಡು ಸೆಕೆಂಡು. ಎರಡೂಕಾಲು ಮೀಟರು ಇದ್ದರೆ ಮೂರು ಸೆಕೆಂಡು. ನಾಲ್ಕು ಸೆಕೆಂಡು ಬೇಕಾದರೆ ನಾಲ್ಕು ಮೀಟರು ಎತ್ತರದ ಕೊಂಬೆಯನ್ನು ಹುಡುಕಬೇಕು. ಆದಕಾರಣ ಮೂರು ಕಿಲೋಗ್ರಾಂ ತೂಕದ ಕೂಸು ಬೆಳೆದು ಆರು ಕಿಲೋಗ್ರಾಂ ಆದರೂ ಅದೇ ಕೊಂಬೆಯ ಜೋಳಿಗೆ ಅದೇ ತಾಳದಲ್ಲಿ ತೂಗುತ್ತದೆ. ಮಗಳು ಬೆಳೆದಳೆಂಬುದು ತಾಯಿಯ ಸೊಂಟಕ್ಕೆ ತಿಳಿಯುತ್ತದೆಯೇ ಹೊರತು ಲೋಲಕಕ್ಕೆ ತಿಳಿಯುವುದಿಲ್ಲ.

ತೂಗುವುದಕ್ಕೆ ವ್ಯಯವಾಗುವ ಶಕ್ತಿಯಾದರೂ ಎಷ್ಟು? ಆರು ಕಿಲೋಗ್ರಾಂ ಮಗುವನ್ನು ಐದು ಸೆಂಟಿಮೀಟರು ಮೇಲೇರುವಂತೆ ತೂಗಿದರೆ ಮೂರು ಜೂಲಿಗಿಂತ ಕಡಿಮೆ. ಗಾಳಿಯ ತಡೆಯಿಂದಲೂ ಕೊಂಬೆಗೆ ಬಟ್ಟೆ ಉಜ್ಜುವುದರಿಂದಲೂ ಪ್ರತಿ ಸಲ ಇದರ ಒಂದಂಶ ಮಾತ್ರ ನಷ್ಟವಾಗುತ್ತದೆ. ಜೋಳಿಗೆಯ ತಾಳಕ್ಕೆ ಸರಿಯಾಗಿ ಬೆರಳಿನಿಂದ ನೂಕಿದರೂ ಆ ನಷ್ಟ ತುಂಬುತ್ತದೆ. ಅನುರಣನೆಯೆಂದು ಪಠ್ಯಪುಸ್ತಕಗಳು ಹೇಳುವುದು ಇದನ್ನೇ. ಹೀಗಾಗಿ ಆರೇಳು ವರ್ಷದ ಮಗುವೂ ಜೋಳಿಗೆಯನ್ನು ಗಂಟೆಗಟ್ಟಲೆ ತೂಗಬಲ್ಲುದು. ಆ ಕೆಲಸಕ್ಕೆ ಬಹಳ ಸಲ ಕೂಸಿನ ಅಕ್ಕನೇ ಬಂದು ಕೂರುವುದೂ, ಅವಳ ಶಾಲೆಯ ದಿನಗಳು ಆ ಬದುವಿನ ಮೇಲೆ ಕಳೆಯುವುದೂ ಇದರಿಂದಲೇ. ಕೆಲಸ ಹಗುರವೆಂದ ಮಾತ್ರಕ್ಕೆ ಅದರ ಬೆಲೆ ಹಗುರವಲ್ಲ.

ತೂಗಿದರೆ ಮಗು ಏಕೆ ಸುಮ್ಮನಾಗುತ್ತದೆ? ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳೂ, ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳೂ ಇವೆ. ತಲೆ ತಿರುಗಿದ್ದನ್ನು ನಾಳಗಳೂ, ವೇಗ ಬದಲಾದದ್ದನ್ನು ಹರಳುಗಳೂ ಮಿದುಳಿಗೆ ತಿಳಿಸುತ್ತವೆ. ನಾಲ್ಕು ಸೆಕೆಂಡಿಗೊಮ್ಮೆ ಮೆಲ್ಲಗೆ ತೂಗುವ ಹಾಸಿಗೆಯಲ್ಲಿ ವಯಸ್ಕರು ಬೇಗ ನಿದ್ರೆಹೋದರೆಂದು ಸ್ವಿಟ್ಜರ್ಲೆಂಡಿನ ಜಿನೀವಾದ ವಿಜ್ಞಾನಿಗಳು 2011 ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು, ತಾಯಿ ಎತ್ತಿಕೊಂಡು ನಡೆದಾಗ ಆರು ತಿಂಗಳೊಳಗಿನ ಶಿಶುಗಳ ಅಳು ತಗ್ಗಿ, ಎದೆಬಡಿತವೂ ಕೂಡಲೆ ನಿಧಾನವಾಗುವುದನ್ನು ಅಳೆದು ತೋರಿಸಿದರು. ಬರಿದೆ ಎತ್ತಿಕೊಂಡು ಕುಳಿತಾಗ ಆ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ಜೋಳಿಗೆಯು, ನಡೆಯಲು ಬಿಡುವಿಲ್ಲದ ತಾಯಿಯ ನಡಿಗೆ ಎನ್ನೋಣ.

ಇಷ್ಟು ಜೋಳಿಗೆಯ ಹಿರಿಮೆಯಾಯಿತು. ಇನ್ನು ಬಿಸಿಲಿನ ಮಾತು. ಎರಡನೆಯ ಬೆಳೆಯ ನಾಟಿ ಚಳಿಗಾಲದ ಕೊನೆಯಲ್ಲಿ ನಡೆಯುವುದರಿಂದ ಬಾಧೆಯಿಲ್ಲ. ಆದರೆ ಅದರ ಕೊಯ್ಲು ಬೇಸಿಗೆಯಲ್ಲಿ ಬರುತ್ತದೆ, ಆಗ ಕೊಪ್ಪಳ ಜಿಲ್ಲೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದಲ್ಲ. ಬೆಚ್ಚನೆಯ ವಸ್ತುವಿನ ಶಾಖ ಅದರ ಮೇಲ್ಮೈಯಿಂದ ಹೊರಹೋಗುತ್ತದೆ, ಹೊರಗಿನ ಶಾಖ ಮೇಲ್ಮೈಯಿಂದಲೇ ಒಳಬರುತ್ತದೆ. ಒಂದು ಸೆಂಟಿಮೀಟರು ಬದಿಯ ಘನಕ್ಕೆ ಮೇಲ್ಮೈ 6, ಘನಫಲ 1. ಬದಿಯನ್ನು ಇಮ್ಮಡಿಸಿದರೆ ಮೇಲ್ಮೈ 24, ಘನಫಲ 8. ಅಂದರೆ ಪ್ರತಿ ಘನ ಸೆಂಟಿಮೀಟರಿಗೆ ಮೇಲ್ಮೈ ಅರ್ಧಕ್ಕಿಳಿಯಿತು. ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು ಎಂಬುದು ಇದರ ಅರ್ಥ. 50 ಕಿಲೋಗ್ರಾಂ ತೂಕದ ತಾಯಿಗೆ ಕಿಲೋಗ್ರಾಮಿಗೆ ಸುಮಾರು 290 ಚದರ ಸೆಂಟಿಮೀಟರು ಚರ್ಮವಿದ್ದರೆ, ಆರು ಕಿಲೋಗ್ರಾಂ ತೂಕದ ಮಗಳಿಗೆ ಸುಮಾರು 540 ಇದೆ. ಗಾಳಿಯು ಚರ್ಮಕ್ಕಿಂತ ಬಿಸಿಯಾಗಿರುವಾಗ ಮಗಳ ಮೈ ತಾಯಿಯ ಮೈಗಿಂತ ಹೆಚ್ಚುಕಡಿಮೆ ಎರಡು ಪಾಲು ಬೇಗ ಕಾಯುತ್ತದೆ. ತನಗೆ ತಾಳಬಲ್ಲ ಬಿಸಿಲನ್ನು ಮಗುವೂ ತಾಳೀತೆಂದು ಎಣಿಸುವ ಹಾಗಿಲ್ಲ.

ಆಗ ದೇಹಕ್ಕಿರುವ ಉಪಾಯ ಬೆವರು ಒಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆರು ಕಿಲೋಗ್ರಾಂ ಮೈಯನ್ನು ಒಂದು ಡಿಗ್ರಿ ತಣಿಸಲು ಒಂಬತ್ತು ಗ್ರಾಂ, ಎಂದರೆ ಎರಡು ಸಣ್ಣ ಚಮಚೆ ನೀರು ಆರಿದರೆ ಸಾಕು. ಆದರೆ ಹಸುಗೂಸಿಗೆ ದೊಡ್ಡವರಷ್ಟು ಬೆವರುವ ಶಕ್ತಿಯಿಲ್ಲ. ಮೇಲಾಗಿ ಜೋಳಿಗೆಯ ಎರಡು ಅಂಚುಗಳು ಮುಚ್ಚಿಕೊಂಡರೆ ಒಳಗಿನ ಗಾಳಿ ತೇವದಿಂದ ತುಂಬಿ ಇದ್ದ ಬೆವರೂ ಆರುವುದಿಲ್ಲ. ಬಿಸಿಲು ಬೀಳದಿರಲೆಂದು ಒಣಬಟ್ಟೆ ಮುಚ್ಚುವುದು ವಾಡಿಕೆ. ಮಕ್ಕಳ ತಳ್ಳುಗಾಡಿಗಳನ್ನು ಬಿಸಿಲಿನಲ್ಲಿಟ್ಟು ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆಸಿದ ಪರೀಕ್ಷೆಯೊಂದರಲ್ಲಿ, ಒಣಬಟ್ಟೆ ಹೊದಿಸಿದಾಗ ಒಳಗಿನ ಉಷ್ಣತೆ ಹೊರಗಿಗಿಂತ ಎರಡು ಡಿಗ್ರಿಗೂ ಮಿಗಿಲಾಗಿ ಏರಿತು. ತೆಳುವಾದ ಒದ್ದೆಬಟ್ಟೆ ಹೊದಿಸಿದಾಗ ನಾಲ್ಕು ಡಿಗ್ರಿಗೂ ಮಿಗಿಲಾಗಿ ಇಳಿಯಿತು. ಮಣ್ಣಿನ ಗಡಿಗೆಯಲ್ಲಿ ನೀರು ತಣಿಯುವ ತತ್ತ್ವವೇ ಇದು. ಮುಖಕ್ಕೆ ತಾಗದಂತೆ, ಗಾಳಿಗೆ ದಾರಿಯಿರುವಂತೆ ಒದ್ದೆಬಟ್ಟೆಯನ್ನು ಇಳಿಬಿಡಬೇಕು, ಅದು ಒಣಗಿದಂತೆ ಮತ್ತೆ ನೆನೆಸಬೇಕು.

ನೆರಳಿನಲ್ಲಿಯೂ ತಾರತಮ್ಯವುಂಟು. ತಗಡಿನ ಚಪ್ಪರ ಬಿಸಿಲನ್ನು ತಡೆದು ತಾನು ಕಾಯುತ್ತದೆ, ಕಾದು ಕೆಳಗಿದ್ದವರ ಮೇಲೆ ಶಾಖವನ್ನು ಸೂಸುತ್ತದೆ. ಬೇವಿನ ಎಲೆಯಾದರೋ ನೀರನ್ನು ಆವಿಯಾಗಿ ಬಿಡುತ್ತ ಗಾಳಿಯಷ್ಟೇ ಬಿಸಿಯಾಗಿ ಉಳಿಯುತ್ತದೆ. ಸಾಣಾಪುರದ ಬಂಡೆಗಳದು ಬೇರೆಯೇ ಕತೆ. ರಾತ್ರಿ ತಣಿದ ಹೆಬ್ಬಂಡೆಯ ನೆರಳು ಬೆಳಗಿನ ಹೊತ್ತು ಬಲು ತಂಪು. ಹಗಲೆಲ್ಲ ಶಾಖವನ್ನು ನುಂಗಿದ ಅದೇ ಬಂಡೆ ಇಳಿಹೊತ್ತಿನಲ್ಲಿ ಒಲೆಯ ಗೋಡೆಯಂತಾಗುತ್ತದೆ. ಬೆಳಿಗ್ಗೆ ತಕ್ಕದಾದ ಜಾಗ ಮಧ್ಯಾಹ್ನಕ್ಕೆ ತಕ್ಕದಲ್ಲ.

ಮಗುವಿಗೆ ನೀರಡಿಕೆಯಾದೀತೆಂದು ನೀರು ಕುಡಿಸುವವರಿದ್ದಾರೆ. ಮೊದಲ ಆರು ತಿಂಗಳು ಬಿಸಿಲುನಾಡಿನಲ್ಲಿಯೂ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ, ಕಾಲುವೆಯ ನೀರಿನಲ್ಲಿರುವ ರೋಗಾಣುಗಳು ಅದರಲ್ಲಿಲ್ಲ. ನೀರು ಬೇಕಾದುದು ತಾಯಿಗೆ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲನ್ನು ಕೊಟ್ಟು, ಅದರ ಮೇಲೆ ಬೆವರಿನಲ್ಲಿ ಇನ್ನೆಷ್ಟನ್ನೋ ಕಳೆಯುವವಳು ಅವಳು. ಅವಳ ಊಟದಲ್ಲಿಯೂ ದಿನಕ್ಕೆ ಸುಮಾರು 600 ಕಿಲೋ ಕ್ಯಾಲರಿ ಹೆಚ್ಚಿಗೆ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಲೆಕ್ಕಹಾಕಿದೆ.

ಜೋಳಿಗೆಯ ಬಗೆಗೆ ಹೇಳಲೇಬೇಕಾದ ಭಯವೊಂದಿದೆ. ಬಟ್ಟೆ ಕೆಳಕ್ಕೆ ಬಾಗಿರುವುದರಿಂದ ಮಗುವಿನ ಬೆನ್ನೂ ಬಾಗುತ್ತದೆ. ಕತ್ತು ಇನ್ನೂ ನಿಲ್ಲದ ಕೂಸಿನ ಗಲ್ಲ ಎದೆಗೆ ಒತ್ತಿಕೊಳ್ಳಬಹುದು. ಅದರ ಉಸಿರಿನ ಕೊಳವೆ ಮೆದು, ಇಕ್ಕಟ್ಟು. ಕೊಳವೆಯಲ್ಲಿ ನಯವಾಗಿ ಹರಿಯುವ ಗಾಳಿಗೆ ಒದಗುವ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ಪ್ವಾಸೆಯ ನಿಯಮ ಹೇಳುತ್ತದೆ. ತ್ರಿಜ್ಯ ಅರ್ಧವಾದರೆ ತಡೆ ಹದಿನಾರರಷ್ಟು! ಅಂಥ ಮಗು ಅಳಲಾರದು, ಸದ್ದಿಲ್ಲದೆ ಕಷ್ಟಪಡುತ್ತದೆ. ಮಗುವನ್ನು ಗಟ್ಟಿಯಾದ ಸಮತಟ್ಟಿನ ಮೇಲೆ ಅಂಗಾತ ಮಲಗಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿ. ಹುಳುಹುಪ್ಪಟೆಗಳ ಗದ್ದೆಯ ಬದುವಿನಲ್ಲಿ ಸಮತಟ್ಟೆಲ್ಲಿ ಬರಬೇಕು ಎಂದು ತಾಯಿ ಕೇಳಿದರೆ ಅದೂ ನ್ಯಾಯವೇ. ಮಗಳು ಮಗುಚಿಕೊಳ್ಳುವುದನ್ನೂ ಎದ್ದು ಕೂರುವುದನ್ನೂ ಕಲಿತಾಗಲಂತೂ ಗುರುತ್ವಕೇಂದ್ರ ಅಂಚಿನಿಂದ ಮೇಲೇರಿ ಅವಳು ಉರುಳಿಬಿದ್ದಾಳು.

ತೂಗಾಟಕ್ಕೆ ಒಂದು ಬೆರಳು ಸಾಕು. ಆದರೆ ಬಟ್ಟೆ ಒಣಗಿತೇ, ನೆರಳು ಸರಿಯಿತೇ, ಗಲ್ಲ ಒತ್ತಿತೇ ಎಂದು ನೋಡುವುದಕ್ಕೆ ಒಂದು ಜೊತೆ ಕಣ್ಣು ಬೇಕು. ಆರೇಳು ವರ್ಷದ ಅಕ್ಕನಿಂದ ಇದನ್ನು ಬಯಸುವುದು ಸಲ್ಲದು. ಜೂಲುಗಳ ಲೆಕ್ಕದಲ್ಲಿ ಶೂನ್ಯವೆನಿಸುವ ಈ ಕಾವಲು ಕೂಲಿಯ ಲೆಕ್ಕದಲ್ಲಿ ಶೂನ್ಯವಾಗಬೇಕಿಲ್ಲ. 2005 ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಹೆಂಗಸರಲ್ಲಿ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ವಿಧಿಸಿತ್ತು. ಕಚೇರಿ ಕಾರ್ಖಾನೆಗಳ ತಾಯಂದಿರಿಗೆ 2017 ರ ತಿದ್ದುಪಡಿಯು ಸಂಬಳಸಹಿತವಾದ ರಜೆಯನ್ನು 12 ವಾರಗಳಿಂದ 26 ಕ್ಕೆ ಏರಿಸಿ, ಐವತ್ತು ನೌಕರರಿರುವಲ್ಲಿ ಶಿಶುಗೃಹವನ್ನೂ ಕಡ್ಡಾಯ ಮಾಡಿತು. ಖಾಸಗಿ ಗದ್ದೆಯಲ್ಲಿ ಗುತ್ತಿಗೆ ನಾಟಿಗೆ ಹೋದವಳಿಗೆ ಎರಡೂ ಸಿಗಲಿಲ್ಲ. 2023 ರಲ್ಲಿ ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಪ್ರಕಟಿಸಿದಾಗ ಈ ಕೊರತೆಯ ಒಂದಂಶಕ್ಕೆ ಉತ್ತರ ದೊರೆತಂತಾಯಿತು.

ಒಂದಂಶ ಎಂದುದಕ್ಕೆ ಕಾರಣವಿದೆ. ಅಂಥ ಮನೆ ಗದ್ದೆಯಿಂದ ಒಂದು ಕಿಲೋಮೀಟರು ದೂರವಿದೆ ಎನ್ನಿರಿ. ಬದುವಿನ ಮೇಲೆ ಗಂಟೆಗೆ ನಾಲ್ಕು ಕಿಲೋಮೀಟರು ನಡೆದರೆ ಹೋಗಲು ಹದಿನೈದು ನಿಮಿಷ, ಬರಲು ಹದಿನೈದು. ದಿನಕ್ಕೆ ಮೂರು ಸಲ ಹಾಲೂಡಿಸಲು ನಡಿಗೆಯೇ ಒಂದೂವರೆ ಗಂಟೆ, ಹಾಲಿನದು ಒಂದು ಗಂಟೆ. ಸಾಲು ಬಿಟ್ಟು ಎರಡೂವರೆ ಗಂಟೆ ಹೋಗುವವಳನ್ನು ಗುತ್ತಿಗೆಯ ಗುಂಪು ಸೇರಿಸಿಕೊಳ್ಳುವುದು ಕಷ್ಟ. ದೂರ ಇನ್ನೂರೈವತ್ತು ಮೀಟರಿಗಿಳಿದರೆ ನಡಿಗೆ ಇಪ್ಪತ್ತೆರಡೂವರೆ ನಿಮಿಷಕ್ಕೆ ಇಳಿಯುತ್ತದೆ.